ನಾಲ್ಕು ಕೋಟಿ ಅಂಕಿಯ ಸಂಖ್ಯೆ ಅವಿಭಾಜ್ಯವೆಂದು ಗೊತ್ತಾಗುವುದು ಹೇಗೆ?

ಗಣಿತ ಪ್ರಶ್ನೋತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅವಿಭಾಜ್ಯ ಸಂಖ್ಯೆಗಳ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆರಂಕಿಯ ಸಂಖ್ಯೆ ಕೊಟ್ಟು ಇದು ಅವಿಭಾಜ್ಯವೇ ಎಂದು ಕೇಳಿದರೆ, ಕ್ಯಾಲ್ಕುಲೇಟರ್ ಇಲ್ಲದೆ ಬೇಗ ಹೇಳುವುದು ಹೇಗೆ? ಅಭ್ಯಾಸಕ್ಕೆಂದು ನಮ್ಮೂರಿನ ಪಿನ್‌ಕೋಡ್ 583231 ಹಿಡಿದು ಕೂತೆ. 3ರಿಂದ ಹೋಗಲಿಲ್ಲ, 7ರಿಂದ ಹೋಗಲಿಲ್ಲ, ಅಲ್ಲಿಗೇ ಬಿಟ್ಟೆ.
— ಪರೀಕ್ಷಾರ್ಥಿ, ಕೊಪ್ಪಳ

ಮುಂದಿನದೇ 11 ಇತ್ತು, ಅದರಿಂದ ಹೋಗುತ್ತಿತ್ತು! ಎಲ್ಲಿಯವರೆಗೆ ನೋಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳು ಸಾಕು. ಆರಂಕಿಯ ಯಾವ ಸಂಖ್ಯೆಯ ವರ್ಗಮೂಲವೂ 1000 ಮುಟ್ಟುವುದಿಲ್ಲ, 1000ದ ಒಳಗೆ ಇರುವ ಅವಿಭಾಜ್ಯಗಳು 168. ಅಷ್ಟನ್ನೂ ಒಂದೊಂದಾಗಿ ಹಿಡಿಯುವ ಮುನ್ನ ಐದನ್ನು ಒಂದೇ ಏಟಿಗೆ ನೋಡಿಬಿಡಬಹುದು.

ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆಯಿರಿ: 583 ಮತ್ತು 231. ಎರಡರ ವ್ಯತ್ಯಾಸ 352. ಈ ವ್ಯತ್ಯಾಸ 7, 11, 13ರಲ್ಲಿ ಯಾವುದರಿಂದ ಭಾಗವಾಗುತ್ತದೋ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ, ಏಕೆಂದರೆ 7 × 11 × 13 = 1001. 352 = 11 × 32. ಈಗ ಮೊತ್ತ ನೋಡಿ: 583 + 231 = 814. ಮೊತ್ತದಿಂದ 3 ಮತ್ತು 37ರ ಲೆಕ್ಕ ಸಿಗುತ್ತದೆ, ಏಕೆಂದರೆ 999 = 27 × 37. 814 = 37 × 22. ಒಂದು ಕಳೆಯುವ ಲೆಕ್ಕ, ಒಂದು ಕೂಡುವ ಲೆಕ್ಕ, ಎರಡು ಅಪವರ್ತನಗಳು ಕೈಗೆ ಬಂದವು. ಉಳಿದದ್ದು 1433. ಇಲ್ಲಿ ಬಹಳ ಜನ ಎಡವುತ್ತಾರೆ. ಅಪವರ್ತನ ಸಿಕ್ಕ ಮೇಲೂ 763ರವರೆಗೆ ಭಾಗಿಸುತ್ತಾ ಹೋಗುತ್ತಾರೆ. ಉಳಿದ ಸಂಖ್ಯೆ 1433 ಆದಾಗ ಅದರ ವರ್ಗಮೂಲ 37.8 ಮಾತ್ರ, 37ರ ಆಚೆ ನೋಡುವ ಅಗತ್ಯವೇ ಇಲ್ಲ. 1433 ಅವಿಭಾಜ್ಯ. ಹಾಗಾಗಿ 583231 = 11 × 37 × 1433.

ರಾಯಚೂರಿನ 584101 ತೆಗೆದುಕೊಳ್ಳಿ. ವ್ಯತ್ಯಾಸ 483 = 7 × 69, ಆದ್ದರಿಂದ 584101 = 7 × 83443. ಈ 83443ಕ್ಕೆ ಯಾವ ಉಪಾಯವೂ ಇಲ್ಲ. 283ರವರೆಗಿನ 61 ಅವಿಭಾಜ್ಯಗಳನ್ನೂ ನೋಡಿ ಮುಗಿಸಿದಾಗಲೇ ಅದು ಅವಿಭಾಜ್ಯವೆಂದು ತಿಳಿಯುವುದು. ಬಳ್ಳಾರಿಯ 583101ರಲ್ಲಿ ಮೊತ್ತ 684, ಅದು 9ರಿಂದ ಹೋಗುತ್ತದೆ, ಉಳಿಯುವುದು 64789.

ಇಂಥ ಉಳಿಕೆಗೆ ಬಾಲ ಕತ್ತರಿಸುವ ವಿಧಾನ ಒಳ್ಳೆಯದು. 67ರಿಂದ ಹೋಗುತ್ತದೆಯೇ ನೋಡೋಣ. ಕೊನೆಯ ಅಂಕಿ 9, ಹಾಗಾಗಿ 9ರಲ್ಲಿ ಕೊನೆಗೊಳ್ಳುವ 67ರ ಅಪವರ್ತ್ಯ 469ನ್ನು ಕಳೆಯಿರಿ: 64320. ಸೊನ್ನೆ ತೆಗೆಯಿರಿ: 6432. ಈಗ 402 ಕಳೆಯಿರಿ: 6030. ಸೊನ್ನೆ ತೆಗೆದರೆ 603, ಅದು 67 × 9. ಹೋಯಿತು! 583101 = 3 × 3 × 67 × 967. ಸೊನ್ನೆ ತೆಗೆಯುವುದೆಂದರೆ 10ರಿಂದ ಭಾಗಿಸುವುದು. 67ಕ್ಕೂ 10ಕ್ಕೂ ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಉತ್ತರ ಕೆಡುವುದಿಲ್ಲ. ಈ ವಿಧಾನದಿಂದ ಶೇಷ ಎಷ್ಟೆಂದು ಮಾತ್ರ ಗೊತ್ತಾಗುವುದಿಲ್ಲ, ಭಾಗವಾಗುತ್ತದೋ ಇಲ್ಲವೋ ಎಂಬುದಷ್ಟೇ.

ಪ್ರಶ್ನೆ: ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯಕ್ಕೆ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಂತೆ. ಆರಂಕಿಗೇ ಇಷ್ಟು ಒದ್ದಾಟವಿರುವಾಗ ಅದನ್ನು ಯಾರು, ಹೇಗೆ ಭಾಗಿಸಿ ನೋಡಿದರು?
— ಪಿಯು ಉಪನ್ಯಾಸಕಿ, ಬಳ್ಳಾರಿ. ಇದೇ ಪ್ರಶ್ನೆ ಮಾನ್ವಿ ಮತ್ತು ಸಿರುಗುಪ್ಪದಿಂದಲೂ ಬಂದಿದೆ

ಯಾರೂ ಭಾಗಿಸಿ ನೋಡಲಿಲ್ಲ ಮೇಡಂ. ಭಾಗಿಸುವ ದಾರಿಯಲ್ಲಿ ಹೊರಟರೆ ನೂರಂಕಿಯ ಸಂಖ್ಯೆಗೇ ವಿಶ್ವದ ಆಯಸ್ಸು ಸಾಲದು. ದೊಡ್ಡ ಸಂಖ್ಯೆಯ ಅಪವರ್ತನ ಹುಡುಕುವುದು ಒಂದು ಕೆಲಸ, ಅದು ಅವಿಭಾಜ್ಯವೇ ಎಂದು ತೀರ್ಮಾನಿಸುವುದು ಬೇರೆಯೇ ಕೆಲಸ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಾಲು ಸುಲಭ. ಶಾಲೆಯಲ್ಲಿ ಎರಡನ್ನೂ ಒಂದೇ ಎಂಬಂತೆ ಕಲಿಸುವುದರಿಂದ ಈ ಅಂತರ ಬಹಳ ಜನರಿಗೆ ಕಾಣುವುದೇ ಇಲ್ಲ.

ಆ ಸಂಖ್ಯೆ 2¹³⁶²⁷⁹⁸⁴¹ − 1. ಅಂದರೆ 2ನ್ನು 13,62,79,841 ಸಲ ಗುಣಿಸಿ ಒಂದು ಕಳೆದದ್ದು. ಅಮೆರಿಕದ ಲ್ಯೂಕ್ ಡ್ಯುರಾಂಟ್ 2024ರ ಅಕ್ಟೋಬರ್‌ನಲ್ಲಿ ಗಿಂಪ್ಸ್ ಎಂಬ ಸಾರ್ವಜನಿಕ ಹುಡುಕಾಟದಲ್ಲಿ ಅದನ್ನು ಕಂಡರು. ಅಂಕಿಗಳ ಲೆಕ್ಕವನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಮಾಡಿಸಿ: ಘಾತವನ್ನು 2ರ ಲಾಗರಿದಮ್‌ನಿಂದ, ಅಂದರೆ 0.30102999566ರಿಂದ ಗುಣಿಸಿದರೆ 4,10,24,319.945 ಬರುತ್ತದೆ. ಪೂರ್ಣಾಂಕ ಭಾಗಕ್ಕೆ ಒಂದು ಕೂಡಿದರೆ 4,10,24,320 ಅಂಕಿಗಳು. ಲಾಗರಿದಮ್ 0.3010 ಎಂದಷ್ಟೇ ಹಿಡಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ಅಂಕಿ ತಪ್ಪುತ್ತದೆ, ದಶಮಾಂಶದ ನಂತರ ಹನ್ನೊಂದು ಸ್ಥಾನ ಇಟ್ಟುಕೊಳ್ಳಿ. ಕೊನೆಯ ಅಂಕಿಯನ್ನು ಬಾಯಲ್ಲೇ ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. ಘಾತವನ್ನು 4ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ 2, ಅದರಲ್ಲಿ ಒಂದು ಕಳೆದರೆ 1. ಪುಟಕ್ಕೆ 80 ಅಂಕಿಗಳ 50 ಸಾಲು ಅಚ್ಚು ಹಾಕಿದರೆ 10,257 ಪುಟಗಳಾಗುತ್ತವೆ. ದ್ವಿಮಾನದಲ್ಲಿ ಬರೆದರೆ ಮಾತ್ರ ಬರೀ 1ಗಳ ಸಾಲು, ಒಂದೂ ಸೊನ್ನೆ ಇಲ್ಲ.

ಇಡೀ ಕೀಲಿ ಈ ಆಕಾರದಲ್ಲೇ ಇದೆ. 2ರ ಘಾತದಲ್ಲಿ ಒಂದು ಕಳೆದ ಇಂಥ ಸಂಖ್ಯೆಗಳಿಗೆ ಫ್ರಾನ್ಸಿನ ಮೆರ್ಸೆನ್ ಹೆಸರಿದೆ. ಇವಕ್ಕೆ ಲೂಕಾಸ್–ಲೆಹ್ಮರ್ ಪರೀಕ್ಷೆ ಎಂಬ ಖಚಿತ ಪರೀಕ್ಷೆ ಉಂಟು. ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರಬೇಕು. 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆದು, ಮೆರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಅವಿಭಾಜ್ಯ, ಆಗದಿದ್ದರೆ ಅಲ್ಲ.

ಕಪ್ಪುಹಲಗೆಗೆ 2⁷ − 1 = 127 ಸರಿಯಾದ ಅಳತೆ. ಐದು ಹೆಜ್ಜೆ. 4ರ ವರ್ಗ 16, ಎರಡು ಕಳೆದರೆ 14. 14ರಿಂದ 194. ಇಲ್ಲಿ 127ರಿಂದ ಭಾಗಿಸಬೇಡಿ, 128ರಿಂದ ಭಾಗಿಸಿ ಭಾಗಲಬ್ಧ ಮತ್ತು ಶೇಷವನ್ನು ಕೂಡಿ: 1 + 66 = 67. 128ನ್ನು 127ರಿಂದ ಭಾಗಿಸಿದಾಗ ಶೇಷ 1 ಬರುವುದರಿಂದ ಇದು ಸರಿಹೋಗುತ್ತದೆ. 67ರಿಂದ 4487, ಅದು 35 × 128 + 7, ಕೂಡಿದರೆ 42. 42ರಿಂದ 1762, 13 × 128 + 98, ಕೂಡಿದರೆ 111. 111ರಿಂದ 12319, 96 × 128 + 31, ಕೂಡಿದರೆ 127, ಅಂದರೆ ಸೊನ್ನೆ. 127 ಅವಿಭಾಜ್ಯ. ಇದೇ ಲೆಕ್ಕ 2¹¹ − 1 = 2047ಕ್ಕೆ ಮಾಡಿದರೆ ಒಂಬತ್ತನೆಯ ಹೆಜ್ಜೆಯಲ್ಲಿ 1736 ಉಳಿಯುತ್ತದೆ. ಆದ್ದರಿಂದ ಅದು ಸಂಯುಕ್ತ ಸಂಖ್ಯೆ. ಆದರೆ ಅದರ ಅಪವರ್ತನಗಳಾದ 23 ಮತ್ತು 89 ಈ ಲೆಕ್ಕದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. 2⁶⁷ − 1 ಸಂಯುಕ್ತವೆಂದು ಲೂಕಾಸ್ 1876ರಲ್ಲೇ ತೋರಿಸಿದ್ದ. ಅದು 193707721 × 761838257287 ಎಂದು ಫ್ರಾಂಕ್ ಕೋಲ್ ಹೇಳಿದ್ದು 1903ರಲ್ಲಿ. ನಡುವಿನ 27 ವರ್ಷ ಅಪವರ್ತನ ಗೊತ್ತಿಲ್ಲದೆಯೇ ತೀರ್ಪು ನಿಂತಿತ್ತು!

ದೊಡ್ಡ ಸಂಖ್ಯೆಗೂ ಕ್ರಮ ಇದೇ, ಹೆಜ್ಜೆಗಳು ಮಾತ್ರ 13,62,79,839. ಕಂಪ್ಯೂಟರಿಗೆ ದ್ವಿಮಾನದಲ್ಲಿ 128ರಂಥ ಸಂಖ್ಯೆಯಿಂದ ಭಾಗಿಸುವುದೆಂದರೆ ಸಾಲನ್ನು ಒಂದೆಡೆ ತುಂಡರಿಸುವುದಷ್ಟೇ, ಹಾಗಾಗಿ ಭಾಗಾಕಾರದ ಖರ್ಚೇ ಇಲ್ಲ. ಕಷ್ಟವೆಲ್ಲ ವರ್ಗ ಮಾಡುವುದರಲ್ಲಿ. ಅದಕ್ಕೆ ಎಫ್‌ಎಫ್‌ಟಿ ಎಂಬ ವೇಗದ ಗುಣಾಕಾರ ವಿಧಾನ ಬಳಸುತ್ತಾರೆ. ಮೊದಲು ಡಬ್ಲಿನ್‌ನ ಒಂದು ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಇದು ಬಹುಶಃ ಅವಿಭಾಜ್ಯ ಎಂದು 11 ಅಕ್ಟೋಬರ್ 2024ರಂದು ವರದಿ ಮಾಡಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದ ಇನ್ನೊಂದು ಜಿಪಿಯು ಲೂಕಾಸ್–ಲೆಹ್ಮರ್ ಪರೀಕ್ಷೆ ಮುಗಿಸಿ ಖಚಿತಪಡಿಸಿತು.

ಪ್ರಶ್ನೆ: ಫರ್ಮಾ ಪ್ರಮೇಯ ಬಳಸಿ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. ಸಣ್ಣ ಸಂಖ್ಯೆಗಳಿಗೆ ಸರಿ, ಆದರೆ 341ನ್ನು ಅವಿಭಾಜ್ಯ ಎನ್ನುತ್ತದೆ. ಹನ್ನೆರಡಂಕಿಯ ಸಂಖ್ಯೆ ಕೊಟ್ಟರೆ ಲ್ಯಾಪ್‌ಟಾಪ್ ಸ್ತಬ್ಧವಾಗುತ್ತದೆ. ತಪ್ಪು ಎಲ್ಲಿದೆ?
— ಬಿ.ಎಸ್ಸಿ. ವಿದ್ಯಾರ್ಥಿ, ರಾಯಚೂರು

ಎರಡೂ ಬೇರೆ ಬೇರೆ ತೊಂದರೆಗಳು. ಸ್ತಬ್ಧವಾಗುವುದಕ್ಕೆ ಕಾರಣ, ನೀವು ಮೊದಲು ಪೂರ್ತಿ ಘಾತ ಮಾಡಿ ಆಮೇಲೆ ಶೇಷ ತೆಗೆಯುತ್ತಿದ್ದೀರಿ. ಹನ್ನೆರಡಂಕಿಯ ಘಾತಕ್ಕೆ ಏರಿಸಿದ ಸಂಖ್ಯೆ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಘಾತದ ಫಂಕ್ಷನ್‌ಗೆ ಮೂರನೆಯ ಮೌಲ್ಯವಾಗಿ ಭಾಜಕವನ್ನೂ ಕೊಡಿ. ಆಗ ಪ್ರತಿ ಗುಣಾಕಾರದ ನಂತರವೂ ಶೇಷ ತೆಗೆಯುತ್ತಾ ಹೋಗುತ್ತದೆ, ನಲವತ್ತು ಸಲ ವರ್ಗ ಮಾಡಿದರೆ ಮುಗಿಯಿತು.

341ರದ್ದು ಪ್ರೋಗ್ರಾಂನ ತಪ್ಪಲ್ಲ. ಫರ್ಮಾ ಪ್ರಮೇಯದಂತೆ, ಬೆಸ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು (ಇದೇ ಆಧಾರ) ಏರಿಸಿ ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1. ಆದರೆ ಕೆಲವು ಸಂಯುಕ್ತ ಸಂಖ್ಯೆಗಳಿಗೂ ಹಾಗೆಯೇ 1 ಬರುತ್ತದೆ. 2¹⁰ = 1024 = 3 × 341 + 1. ಆದ್ದರಿಂದ 2³⁴⁰ಕ್ಕೂ ಶೇಷ 1. ಆದರೆ 341 = 11 × 31. ಆಧಾರ 3 ಹಿಡಿದರೆ ಶೇಷ 56 ಬಂದು ಬಣ್ಣ ಬಯಲಾಗುತ್ತದೆ. ಹಾಗೆಂದು ಆಧಾರ ಬದಲಿಸುತ್ತಾ ಹೋದರೆ ಸಾಕೆನ್ನಬೇಡಿ. 561, 1729ರಂಥ ಕಾರ್ಮೈಕಲ್ ಸಂಖ್ಯೆಗಳು ತಮ್ಮೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರಕ್ಕೂ ಸಿಕ್ಕಿಬೀಳುವುದಿಲ್ಲ. ರಾಮಾನುಜನ್ ಹೆಸರಿನ 1729 ಈ ಪಟ್ಟಿಯಲ್ಲೂ ಇದೆ ಎಂಬುದು ತಿಳಿದಿರಲಿ.

ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಗೆ ಬನ್ನಿ. 561ರಲ್ಲಿ ಒಂದು ಕಳೆದರೆ 560 = 16 × 35. 2³⁵ಕ್ಕೆ ಶೇಷ 263. ಅದನ್ನು ವರ್ಗ ಮಾಡುತ್ತಾ ಹೋಗಿ, ಪ್ರತಿ ಸಲ 561ರಿಂದ ಶೇಷ: 166, 67, 1. ಕೊನೆಗೆ 1 ಬಂತು, ಆದರೆ ಅದರ ಹಿಂದಿನದು 67. ಅವಿಭಾಜ್ಯವಾಗಿದ್ದರೆ ವರ್ಗ ಮಾಡಿದಾಗ ಶೇಷ 1 ಬರುವುದು 1 ಅಥವಾ 560ರಿಂದ ಮಾತ್ರ. 67ರಿಂದ ಬಂದಿದೆಯೆಂದರೆ 561 ಸಂಯುಕ್ತ. ಇಷ್ಟೇ ಅಲ್ಲ, 66 ಮತ್ತು 561ರ ಮ.ಸಾ.ಅ. 33, 68 ಮತ್ತು 561ರದ್ದು 17. ಇಲ್ಲಿ ಅಪವರ್ತನಗಳೂ ಕೈಗೆ ಬಿದ್ದವು.

ಒಂದು ಸಂಯುಕ್ತ ಸಂಖ್ಯೆ ಯಾದೃಚ್ಛಿಕ ಆಧಾರವೊಂದರಲ್ಲಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. 20 ಆಧಾರ ಬಳಸಿದರೆ ಆ ಸಂಭವ ಲಕ್ಷ ಕೋಟಿಯಲ್ಲಿ ಒಂದಕ್ಕೂ ಕಡಿಮೆ. 321,50,31,751ಕ್ಕಿಂತ ಕಡಿಮೆ ಇರುವ ಸಂಖ್ಯೆಗಳಿಗೆ 2, 3, 5, 7 ಎಂಬ ನಾಲ್ಕೇ ಆಧಾರ ಸಾಕು, ಉತ್ತರ ಪೂರ್ತಿ ಖಚಿತ. 2⁶⁴ರ ಒಳಗಿನ ಯಾವ ಸಂಖ್ಯೆಗೂ 37ರವರೆಗಿನ ಹನ್ನೆರಡು ಅವಿಭಾಜ್ಯಗಳು ಸಾಕು, ನಿಮ್ಮ ಹನ್ನೆರಡಂಕಿ ಅದರೊಳಗೇ ಬರುತ್ತದೆ. ಯಾವ ಗಾತ್ರದ ಸಂಖ್ಯೆಗೂ ಊಹೆಯಿಲ್ಲದೆ, ಅಂಕಿಗಳ ಎಣಿಕೆಯ ಒಂದು ನಿಗದಿತ ಘಾತವನ್ನು ಮೀರದಷ್ಟು ಕಾಲದಲ್ಲಿ ಉತ್ತರಿಸುವ ವಿಧಾನ ಉಂಟೇ ಎಂಬ ಹಳೆಯ ಪ್ರಶ್ನೆಗೆ 2002ರಲ್ಲಿ ಹೌದೆಂದು ತೋರಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ನಮ್ಮ ದೇಶದಲ್ಲಿ ಆದ ಬಹುದೊಡ್ಡ ಗಣಿತದ ಕೆಲಸಗಳಲ್ಲಿ ಅದು ಒಂದು. ಬಳಕೆಯಲ್ಲಿ ಮಿಲ್ಲರ್–ರಾಬಿನ್ನೇ ಬಹಳ ವೇಗ, ನಿಮ್ಮ ಪ್ರೋಗ್ರಾಂಗೆ ಅದನ್ನೇ ಇಟ್ಟುಕೊಳ್ಳಿ.

ಎಕ್ಸೆಲ್‌ನಲ್ಲಿ ಇಂಥ ಲೆಕ್ಕ ಮಾಡಬೇಡಿ. ಅದು 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಉಳಿದ ಸ್ಥಾನಕ್ಕೆ ಸೊನ್ನೆ ಹಾಕುತ್ತದೆ.

ಪ್ರಶ್ನೆ: ನಮ್ಮ ಮಿಲ್‌ನಾಗ 20 ಹಲ್ಲಿನ ಪಿನಿಯನ್ (ಸಣ್ಣ ಗೇರ್), 60 ಹಲ್ಲಿನ ಗೇರ್ ಐತ್ರಿ. ಒಂದ್ ಹಲ್ಲು ಕೆಟ್ರ ಗೇರ್‌ನಾಗ ಮೂರೇ ಹಲ್ಲು ಬೇಗ ಸವಿತಾವು. 61 ಹಲ್ಲಿಂದು ಹಾಕ್ರಿ ಅಂತಾರ, ಖರೇನ?
— ರೈಸ್‌ಮಿಲ್ ಫಿಟ್ಟರ್, ಗಂಗಾವತಿ

ಖರೆ. 20 ಮತ್ತು 60ರ ಮ.ಸಾ.ಅ. 20. ಆದ್ದರಿಂದ ಪಿನಿಯನ್‌ನ ಪ್ರತಿ ಹಲ್ಲಿಗೂ ಗೇರಿನ ಅವೇ ಮೂರು ಹಲ್ಲುಗಳು ಎದುರಾಗುತ್ತವೆ, ಬೇರೆ ಯಾವುವೂ ಅಲ್ಲ. 61 ಅವಿಭಾಜ್ಯ. ಹಾಗಾಗಿ ಕೆಟ್ಟ ಹಲ್ಲು 61 ಹಲ್ಲುಗಳಿಗೂ ಸರದಿಯಂತೆ ತಾಗಿ, ಪಿನಿಯನ್ 61 ಸುತ್ತು ತಿರುಗಿದ ಮೇಲಷ್ಟೇ ಮೊದಲಿನದಕ್ಕೆ ಮರಳುತ್ತದೆ. ಸವೆತ ಎಲ್ಲ ಕಡೆ ಹಂಚಿಹೋಗುತ್ತದೆ.

ಆದರೆ 60 ತೆಗೆದು 61 ಹಾಕಿದರೆ ಶಾಫ್ಟ್‌ಗಳ ನಡುವಿನ ಅಂತರ ಹೊಂದುವುದಿಲ್ಲ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 4 ಆಗಿದ್ದರೆ 80 ಹಲ್ಲಿಗೆ ಅಂತರ 160 ಮಿ.ಮೀ., 81 ಹಲ್ಲಿಗೆ 162. ಒಟ್ಟು 80 ಉಳಿಸಿಕೊಂಡು 19 ಮತ್ತು 61, ಇಲ್ಲವೇ 21 ಮತ್ತು 59 ಜೋಡಿ ಮಾಡಿಸಿ. ಮೋಟಾರ್ ನಿಮಿಷಕ್ಕೆ 1440 ಸುತ್ತಿನದಾದರೆ ದೊಡ್ಡ ಗೇರ್ ಈಗ ತಿರುಗುವ 480ರ ಬದಲು ಮೊದಲ ಜೋಡಿಯಲ್ಲಿ ಸುಮಾರು 448, ಎರಡನೆಯದರಲ್ಲಿ ಸುಮಾರು 512 ಬರುತ್ತದೆ. ಯಾವುದು ನಡೆಯುತ್ತದೆಂದು ಯಂತ್ರ ನೋಡಿ ತೀರ್ಮಾನಿಸಿ. ಪಿನಿಯನ್, ಗೇರ್ ಎರಡನ್ನೂ ಒಟ್ಟಿಗೇ ಬದಲಿಸಿ. ಎಂಜಿನ್‌ನ ಟೈಮಿಂಗ್ ಗೇರ್‌ಗೆ ಮಾತ್ರ ಈ ಉಪಾಯ ಬೇಡ, ಅಲ್ಲಿ ಸರಿಯಾಗಿ ಎರಡಕ್ಕೆ ಒಂದು ಇರಲೇಬೇಕು.

ಪ್ರಶ್ನೆ: ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಬಳಸುತ್ತೇವೆ. ಅದರೊಳಗೂ ಅವಿಭಾಜ್ಯ ಸಂಖ್ಯೆಗಳಿವೆ ಎನ್ನುತ್ತಾರೆ. ಇನ್ನೂ ದೊಡ್ಡ ಅವಿಭಾಜ್ಯ ಸಿಕ್ಕಿದ್ದರಿಂದ ನಮ್ಮ ಸಹಿಗೆ ಅಪಾಯವೇ, ಲಾಭವೇ?
— ಸೈಬರ್ ಸೆಂಟರ್ ನಡೆಸುವವರು, ಸಿಂಧನೂರು

ಎರಡೂ ಇಲ್ಲ. ಇಂಥ ಸಹಿಯ ಹಿಂದಿರುವ 2048 ಬಿಟ್‌ನ ಆರ್‌ಎಸ್‌ಎ ಕೀ ಎಂದರೆ ತಲಾ ಸುಮಾರು 308 ಅಂಕಿಯ ಎರಡು ಅವಿಭಾಜ್ಯಗಳ ಗುಣಲಬ್ಧ, 617 ಅಂಕಿ. ಗುಣಲಬ್ಧ ಎಲ್ಲರಿಗೂ ಕಾಣುತ್ತದೆ, ಎರಡು ಅವಿಭಾಜ್ಯಗಳು ಗುಟ್ಟು. ಲೋಕಕ್ಕೆಲ್ಲ ಗೊತ್ತಿರುವ ಅವಿಭಾಜ್ಯ ಗುಟ್ಟಾಗಲಾರದು. ಆ ಗಾತ್ರದಲ್ಲಿ ಅವಿಭಾಜ್ಯಗಳಿಗೆ ಬರವೂ ಇಲ್ಲ: ಬೆಸ ಸಂಖ್ಯೆಗಳಲ್ಲಿ ಸರಾಸರಿ 355ಕ್ಕೆ ಒಂದು. ಯಾದೃಚ್ಛಿಕವಾಗಿ ಒಂದನ್ನು ಆರಿಸಿ, ಮಿಲ್ಲರ್–ರಾಬಿನ್‌ಗೆ ಒಡ್ಡಿ, ಬಿದ್ದರೆ ಮುಂದಿನದು. ಅಪವರ್ತಿಸಲು ಹೊರಟವರ ಪಾಡು ಬೇರೆ. 2020ರಲ್ಲಿ 829 ಬಿಟ್‌ನ, ಅಂದರೆ 250 ಅಂಕಿಯ ಸಂಖ್ಯೆಯನ್ನು ಒಡೆಯಲು ಒಂದು ಪ್ರೊಸೆಸರ್ ಕೋರ್ ಸುಮಾರು 2,700 ವರ್ಷ ಮಾಡುವಷ್ಟು ಕೆಲಸ ಹಿಡಿಯಿತು.

ಕೆಡುವುದು ಅವಿಭಾಜ್ಯಗಳ ಆಯ್ಕೆಯಲ್ಲಿ. ಎರಡೂ ಹತ್ತಿರ ಹತ್ತಿರ ಇದ್ದರೆ ಬೇಗ ಒಡೆಯುತ್ತದೆ. 5959ನ್ನು ನೋಡಿ. ವರ್ಗಮೂಲ 77.2, ಆದ್ದರಿಂದ 78ರಿಂದ ಆರಂಭ. 78ರ ವರ್ಗದಲ್ಲಿ ಕಳೆದರೆ 125, ಪೂರ್ಣ ವರ್ಗವಲ್ಲ. 79ಕ್ಕೆ 282, ಅಲ್ಲ. 80ಕ್ಕೆ 441, ಅದು 21ರ ವರ್ಗ. 80 − 21 ಮತ್ತು 80 + 21, ಅಂದರೆ 59 × 101. ಇದಕ್ಕಿಂತ ಘೋರ ತಪ್ಪು, ಎರಡು ಕೀಗಳಲ್ಲಿ ಒಂದೇ ಅವಿಭಾಜ್ಯ ಬರುವುದು. 10403 ಮತ್ತು 10807 ಎರಡು ಕೀಗಳೆಂದು ಇಟ್ಟುಕೊಳ್ಳಿ. ಮ.ಸಾ.ಅ. ಕಾಣುವ ಯೂಕ್ಲಿಡ್ ಕ್ರಮದಲ್ಲಿ, ಪ್ರತಿ ಸಲ ಭಾಜಕವನ್ನು ಶೇಷದಿಂದ ಭಾಗಿಸುತ್ತಾ ಹೋದರೆ ಶೇಷಗಳು 404, 303, 101, ಆಮೇಲೆ ಸೊನ್ನೆ. ಸಾಮಾನ್ಯ ಅವಿಭಾಜ್ಯ 101 ಸಿಕ್ಕಿತು, ಎರಡೂ ಕೀ ಒಟ್ಟಿಗೆ ಒಡೆದವು. 617 ಅಂಕಿಗೂ ಇದು ಕ್ಷಣದ ಕೆಲಸ. 2012ರಲ್ಲಿ ಸಂಶೋಧಕರು ಇಂಟರ್‌ನೆಟ್‌ನ ಲಕ್ಷಾಂತರ ಕೀಗಳನ್ನು ಹೀಗೆ ಜೋಡಿಸಿ ನೋಡಿದಾಗ ಸಾವಿರಾರು ಕೀಗಳು ಬಿದ್ದುಹೋದವು. ಬಹುಪಾಲು ರೂಟರ್‌ನಂಥ ಸಣ್ಣ ಸಾಧನಗಳವು. ಆನ್ ಆದ ಕೂಡಲೇ, ಸಾಕಷ್ಟು ಯಾದೃಚ್ಛಿಕತೆ ಕೂಡಿಕೊಳ್ಳುವ ಮುನ್ನವೇ ಕೀ ತಯಾರಿಸಿದ್ದು ಕಾರಣ. ನಿಮ್ಮ ಮಟ್ಟಿಗೆ ಹೆಚ್ಚಿನ ಅಪಾಯ ಗಣಿತದಲ್ಲಿಲ್ಲ. ಟೋಕನ್ ಮತ್ತು ಪಿನ್ ಎರಡನ್ನೂ ಗ್ರಾಹಕರು ನಿಮ್ಮ ಅಂಗಡಿಯಲ್ಲೇ ಬಿಟ್ಟುಹೋಗುತ್ತಾರಲ್ಲ, ಆ ರೂಢಿ ನಿಲ್ಲಿಸಿ.

ಪ್ರಶ್ನೆ: ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿದರೆ ಹೊಸ ಅವಿಭಾಜ್ಯ ಬರುತ್ತದೆ ಎಂದು ಪಾಠ ಮಾಡುತ್ತೇವೆ. ಸರಿಯೇ?
— ಪ್ರೌಢಶಾಲಾ ಶಿಕ್ಷಕರು, ಲಿಂಗಸುಗೂರು

ಸರಿಯಲ್ಲ ಸರ್. 2 × 3 × 5 × 7 × 11 × 13 + 1 = 30031 = 59 × 509. ಯೂಕ್ಲಿಡ್ ಹೇಳಿದ್ದು, ಬರುವ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಪಟ್ಟಿಯಲ್ಲಿ ಇರಲಾರದು ಎಂದಷ್ಟೇ. ಇಲ್ಲಿ 59 ಮತ್ತು 509 ಪಟ್ಟಿಯ ಹೊರಗಿನವು. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಸಾಧಿಸಲು ಅಷ್ಟು ಸಾಕು.

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲೂ ಇಂಥ ಅವಿಭಾಜ್ಯ ಹುಡುಕಬಹುದೇ? ಬಹುಮಾನ ಇದೆಯೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಕಂಪ್ಲಿ

ಹುಡುಕಬಹುದು. ಗಿಂಪ್ಸ್ 1996ರಿಂದ ನಡೆಯುತ್ತಿದೆ. ಪ್ರೈಮ್95 ಎಂಬ ಪ್ರೋಗ್ರಾಂ ಉಚಿತ. ಅದು ಒಂದು ಘಾತವನ್ನು ನಿಮಗೆ ವಹಿಸಿ, ಫಲಿತಾಂಶವನ್ನು ತಾನೇ ಕಳಿಸುತ್ತದೆ. ಮೊದಲು ಸಣ್ಣ ಅಪವರ್ತನಗಳ ಜರಡಿ. ಮೆರ್ಸೆನ್ ಸಂಖ್ಯೆಯ ಅಪವರ್ತನಗಳು ಘಾತದ ಎರಡರಷ್ಟರ ಯಾವುದಾದರೂ ಅಪವರ್ತ್ಯಕ್ಕೆ ಒಂದು ಕೂಡಿದಂತೆ ಇರಬೇಕು, 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ದಾಖಲೆಯ ಘಾತಕ್ಕೆ ಮೊದಲ ಅಭ್ಯರ್ಥಿ 27,25,59,683, ಶೇಷ 3, ಹಾಗಾಗಿ ಮುಟ್ಟದೆಯೇ ಹೊರಕ್ಕೆ. ಈ ಜರಡಿಯಲ್ಲಿ ಉಳಿದ ಘಾತಗಳಿಗಷ್ಟೇ ದೊಡ್ಡ ಪರೀಕ್ಷೆ.

ಒಂದೇ ಒಂದು ಬಿಟ್ ತಪ್ಪಿದರೂ ಮುಂದಿನ ಕೋಟ್ಯಂತರ ಹೆಜ್ಜೆಗಳು ಹಾಳು. ಬಿಸಿ, ದುರ್ಬಲ ರ್‍ಯಾಮ್, ಓವರ್‌ಕ್ಲಾಕ್ ಇದಕ್ಕೆ ಮುಖ್ಯ ಕಾರಣಗಳು. ಈಗಿನ ಪರೀಕ್ಷೆಗಳಲ್ಲಿ ಗೆರ್ಬಿಚ್ ತಪಾಸಣೆ ಅಡಕವಾಗಿದ್ದು, ತಪ್ಪು ಕಂಡರೆ ಹಿಂದಿನ ಸರಿಯಾದ ಹೆಜ್ಜೆಗೆ ಮರಳುತ್ತದೆ. ಕರೆಂಟ್ ಹೋದರೂ ಅಲ್ಲಲ್ಲಿ ಉಳಿಸಿದ ಫೈಲ್‌ನಿಂದ ಮುಂದುವರಿಯುತ್ತದೆ. ಆದರೆ ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಲ್ಲಿ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಹಚ್ಚಬೇಡಿ. ಡೆಸ್ಕ್‌ಟಾಪ್ ಆದರೆ ಫ್ಯಾನಿನ ದೂಳು ತೆಗೆಸಿ, ಮೊದಲು ಪ್ರೋಗ್ರಾಂನಲ್ಲೇ ಇರುವ ಟಾರ್ಚರ್ ಟೆಸ್ಟ್ ಒಂದು ರಾತ್ರಿ ಓಡಿಸಿ. 100 ವಾಟ್ ಎಳೆಯುವ ಯಂತ್ರ ಹಗಲು ರಾತ್ರಿ ನಡೆದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಮನೆಯವರಿಗೆ ಮೊದಲೇ ಹೇಳಿ.

ಹೊಸ ಮೆರ್ಸೆನ್ ಅವಿಭಾಜ್ಯ ಕಂಡವರಿಗೆ ಗಿಂಪ್ಸ್ 3,000 ಡಾಲರ್ ಕೊಡುತ್ತದೆ. ಹತ್ತು ಕೋಟಿ ಅಂಕಿ ಮುಟ್ಟಿದ ಮೊದಲ ಅವಿಭಾಜ್ಯಕ್ಕೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1,50,000 ಡಾಲರ್ ಘೋಷಿಸಿದೆ. ಅದಕ್ಕೆ ಘಾತ 33,21,92,807ಕ್ಕಿಂತ ಕಡಿಮೆ ಇರಕೂಡದು. ಸಾಧಾರಣ ಯಂತ್ರಕ್ಕೆ ಅಂಥ ಒಂದೊಂದು ಘಾತವೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಆರಂಭಕ್ಕೆ, ಬೇರೆಯವರು ಮುಗಿಸಿದ ಸಣ್ಣ ಘಾತಗಳನ್ನು ಮರುಪರೀಕ್ಷಿಸುವ ಕೆಲಸವನ್ನೇ ಕೇಳಿ ಪಡೆಯಿರಿ. ನಿಮ್ಮ ಶೇಷದ ಕೊನೆಯ 64 ಬಿಟ್ ಮೊದಲಿನವರದಕ್ಕೆ ಹೊಂದಿದರೆ ನಿಮ್ಮ ಯಂತ್ರ ನಂಬಿಕೆಗೆ ಅರ್ಹವೆಂದು ಗೊತ್ತಾಗುತ್ತದೆ, ಆಮೇಲೆ ಹೊಸ ಘಾತಕ್ಕೆ ಕೈ ಹಾಕಿ.